ಇಂಗ್ಲಿಷ್ ಭಾಷಣ ಮುಗಿದ ಮೇಲೆ ಮಗುವಿಗೆ ಒಂದು ಪ್ರಶ್ನೆ ಕೇಳಿ

ಶಾಲಾ ಮಕ್ಕಳ ಸ್ಪರ್ಧೆಗಳಾದ ಪ್ರತಿಭಾ ಕಾರಂಜಿಯ ಇಂಗ್ಲಿಷ್ ಕಂಠಪಾಠ ಮತ್ತು ಭಾಷಣ ಸ್ಪರ್ಧೆಗಳಿಗೆ ಮಕ್ಕಳನ್ನು ಸಿದ್ಧಪಡಿಸುತ್ತಾ, ಆಗಾಗ ಪಕ್ಕದ ಕ್ಲಸ್ಟರುಗಳಲ್ಲಿ (ಅಕ್ಕಪಕ್ಕದ ಶಾಲೆಗಳ ಗುಂಪುಗಳಲ್ಲಿ) ತೀರ್ಪುಗಾರನಾಗಿಯೂ ಕೂರುತ್ತಾ ಬಂದಿರುವ ಪ್ರೌಢಶಾಲಾ ಶಿಕ್ಷಕ ನಾನು. ಈ ಸ್ಪರ್ಧೆಗಳ ಬಗ್ಗೆ ನನ್ನದೊಂದು ತಕರಾರಿದೆ. ಭಾಷಣ ಬರೆದುಕೊಟ್ಟವರ ಇಂಗ್ಲಿಷಿಗೂ ಅದನ್ನು ಒಪ್ಪಿಸಿದ ಮಗುವಿನ ನೆನಪಿನ ಶಕ್ತಿಗೂ ನಾವು ಧಾರಾಳವಾಗಿ ಅಂಕ ಕೊಡುತ್ತಿದ್ದೇವೆ. ಆ ಮಗುವಿಗೆ ಇಂಗ್ಲಿಷ್ ಎಷ್ಟು ದಕ್ಕಿದೆ ಎಂಬುದನ್ನು ಮಾತ್ರ ಯಾರೂ ವಿಚಾರಿಸುತ್ತಿಲ್ಲ.

ತಯಾರಿ ಹೇಗೆ ನಡೆಯುತ್ತದೆ ಎಂಬುದು ಶಿಕ್ಷಕ ಮಿತ್ರರಿಗೆ ಗೊತ್ತಿರುವುದೇ. ಸ್ಪರ್ಧೆಯ ದಿನ ಗೊತ್ತಾದ ಕೂಡಲೇ ತರಗತಿಯಲ್ಲಿ ದನಿ ಚೆನ್ನಾಗಿರುವ, ಹೆದರದೆ ನಿಲ್ಲಬಲ್ಲ ಒಂದಿಬ್ಬರನ್ನು ಆರಿಸಲಾಗುತ್ತದೆ. ಪರಿಸರ ಸಂರಕ್ಷಣೆಯೋ ಸ್ವಚ್ಛ ಭಾರತವೋ ಮೊಬೈಲಿನ ದುಷ್ಪರಿಣಾಮವೋ, ವಿಷಯ ಯಾವುದಾದರೂ ಶಿಕ್ಷಕರು ಮೊಬೈಲಿನಲ್ಲೇ ಹುಡುಕಿ, ಅಲ್ಲಿಷ್ಟು ಇಲ್ಲಿಷ್ಟು ಸೇರಿಸಿ ಒಂದು ಹಾಳೆ ಬರೆದುಕೊಡುತ್ತಾರೆ. ಕನ್ನಡ ಮಾಧ್ಯಮದ ಮಗು ಆ ಹಾಳೆಯನ್ನು ಮನೆಗೆ ಒಯ್ದು, ಇಂಗ್ಲಿಷ್ ಸಾಲುಗಳ ಮೇಲೆ ಪೆನ್ಸಿಲಿನಿಂದ ಕನ್ನಡ ಅಕ್ಷರಗಳಲ್ಲಿ ಉಚ್ಚಾರಣೆ ಬರೆದುಕೊಳ್ಳುತ್ತದೆ: ‘ರೆಸ್ಪೆಕ್ಟೆಡ್ ಜಡ್ಜಸ್, ಮೈ ಡಿಯರ್ ಟೀಚರ್ಸ್ ಅಂಡ್ ಫ್ರೆಂಡ್ಸ್’. ಉಸಿರು ತೆಗೆದುಕೊಳ್ಳಬೇಕಾದ ಕಡೆ ಓರೆಗೆರೆ, ಕೈ ಎತ್ತಬೇಕಾದ ಕಡೆ ಸಣ್ಣ ಬಾಣದ ಗುರುತು. ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದನ್ನು ನೋಡಿ ನಗುವವರಿದ್ದಾರೆ; ನಾನು ಆ ಗುಂಪಿನವನಲ್ಲ. ಕಷ್ಟದ ಕೆಲಸವೊಂದಕ್ಕೆ ಮಗು ತಾನಾಗಿಯೇ ಕಂಡುಕೊಂಡ ಉಪಾಯ ಅದು, ಮತ್ತು ಬಹಳ ಒಳ್ಳೆಯ ಉಪಾಯ. ನನ್ನ ದೂರು ಇರುವುದು ಹಾಳೆಯನ್ನು ಕೊಟ್ಟು, ಅದರ ಅರ್ಥವನ್ನು ಕೊಡದೆ ಬಿಡುವ ನಮ್ಮ ಅವಸರದ ಬಗ್ಗೆ.

ಅರ್ಥ ತಿಳಿಯದೆ ಉರು ಹೊಡೆದದ್ದರ ಗತಿ ಏನಾಗುತ್ತದೆ ಎಂಬುದು ವೇದಿಕೆಯ ಮೇಲೆ ಕಾಣುತ್ತದೆ. ನಡುವೆ ಒಂದು ಪದ ಕೈಕೊಟ್ಟಿತೆಂದರೆ ಮಗುವಿಗೆ ಮುಂದಿನ ವಾಕ್ಯಕ್ಕೆ ದಾಟುವ ದಾರಿಯೇ ಇರುವುದಿಲ್ಲ. ಅದು ಮತ್ತೆ ‘ರೆಸ್ಪೆಕ್ಟೆಡ್ ಜಡ್ಜಸ್’ ಎಂಬಲ್ಲಿಂದಲೇ ಶುರುಮಾಡುತ್ತದೆ, ಮತ್ತೆ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಕೆಳಗೆ ಮೊದಲ ಸಾಲಿನಲ್ಲಿ ಕುಳಿತ ಶಿಕ್ಷಕಿ ತುಟಿಯಾಡಿಸುತ್ತಾ ಸಾಲು ಎತ್ತಿಕೊಡಲು ಹೆಣಗುತ್ತಾರೆ, ತೀರ್ಪುಗಾರರು ನೋಡಿಯೂ ನೋಡದವರಂತೆ ಗಡಿಯಾರದ ಕಡೆ ತಿರುಗುತ್ತಾರೆ. ಕನ್ನಡ ಭಾಷಣದಲ್ಲಿ ಮರೆತ ಮಗು ಹೇಗೋ ಸ್ವಂತ ಮಾತು ಸೇರಿಸಿ ದಡ ಸೇರುತ್ತದೆ. ಇಂಗ್ಲಿಷಿನಲ್ಲಿ ಮರೆತ ಮಗು ಅಳುತ್ತಾ ಇಳಿಯುತ್ತದೆ, ಮತ್ತು ಮುಂದಿನ ವರ್ಷ ‘ನಾನು ಬರಲ್ಲ ಸಾರ್’ ಎನ್ನುತ್ತದೆ.

ಒಮ್ಮೆ ನೀರಿನ ಉಳಿತಾಯದ ಬಗ್ಗೆ ಏಳನೇ ತರಗತಿಯ ಹುಡುಗನೊಬ್ಬ ಭಾಷಣ ಮಾಡಿದ. ಭಾಷಣದ ತುಂಬ ನಮ್ಮಂಥವರೇ ನಿಘಂಟು ನೋಡಬೇಕಾದ ಪದಗಳು. ಅವನು ಅವುಗಳನ್ನು ತಪ್ಪಿಲ್ಲದೆ, ಒಂದೇ ಏರುದನಿಯಲ್ಲಿ ಒಪ್ಪಿಸಿ ಮುಗಿಸಿದ. ಊಟದ ಬಿಡುವಿನಲ್ಲಿ ಕೈ ತೊಳೆಯುವ ನಲ್ಲಿಯ ಬಳಿ ಸಿಕ್ಕಾಗ, ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಇಂಗ್ಲಿಷಿನಲ್ಲೇ ಕೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದವನು, ‘ಟ್ಯಾಂಕ್ ಸಾರ್. ಮಾರ್ನಿಂಗ್ ಫೈವ್. ಮೈ ಮದರ್ ಫಿಲ್. ಕರೆಂಟ್ ನೋ, ವಾಟರ್ ನೋ’ ಎಂದ. ವ್ಯಾಕರಣವನ್ನು ಪಕ್ಕಕ್ಕಿಡಿ. ಅವತ್ತು ಬೆಳಗಿನಿಂದ ಆ ಕೊಠಡಿಯಲ್ಲಿ ನಾನು ಕೇಳಿದ್ದ ಇಂಗ್ಲಿಷಿನಲ್ಲಿ ಹೇಳಿದವನಿಗೂ ಕೇಳಿದವನಿಗೂ ಅರ್ಥವಾದದ್ದು ಇದೊಂದೇ. ಆದರೆ ಅದಕ್ಕೆ ಕೊಡಲು ನನ್ನ ಅಂಕಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ.

ನನ್ನ ಕೈಗೆ ಬಂದ ಅಂಕಪಟ್ಟಿಗಳಲ್ಲಿ ಇರುತ್ತಿದ್ದದ್ದು ಉಚ್ಚಾರಣೆ, ಹಾವಭಾವ, ನಿರರ್ಗಳತೆ, ಸಮಯಪಾಲನೆ ಇಂಥವು. ಇದರಲ್ಲಿ ಉಚ್ಚಾರಣೆಯದು ದೊಡ್ಡ ಅನ್ಯಾಯ. ಹಳೇ ಮೈಸೂರಿನ ಹಳ್ಳಿಗಳ ಮಕ್ಕಳು ಮನೆಯಲ್ಲಿ ‘ಹಾಲು’ ಎನ್ನುವ ಬದಲು ‘ಆಲು’ ಎನ್ನುವಷ್ಟೇ ಸಹಜವಾಗಿ ‘ಹೌಸ್’ ಎಂಬುದನ್ನು ‘ಔಸ್’ ಎನ್ನುತ್ತಾರೆ. ಕನ್ನಡದ ಬಾಯಿಗೆ ‘ಎವ್ರಿ’ ಎನ್ನುವುದು ‘ಯೆವ್ರಿ’ ಆಗುವುದೂ ಅಷ್ಟೇ ಸಹಜ. ನಗರದ ಖಾಸಗಿ ಶಾಲೆಯಲ್ಲಿ ಎಲ್‌ಕೆಜಿಯಿಂದ ಇಂಗ್ಲಿಷ್ ಕಿವಿಗೆ ಬಿದ್ದ ಮಗುವೂ ಈ ಮಗುವೂ ನಿಲ್ಲುವುದು ಒಂದೇ ಸಾಲಿನಲ್ಲಿ. ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಆರಂಭಿಸಿದ್ದು 2007-08ರಲ್ಲಿ. ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆದದ್ದು 2019-20ರಲ್ಲಿ. ಪರ ವಿರೋಧದ ಚರ್ಚೆ ಇನ್ನೂ ನಿಂತಿಲ್ಲ, ಆ ಜಗಳಕ್ಕೆ ನಾನಿಲ್ಲಿ ಇಳಿಯುವುದಿಲ್ಲ. ಆದರೆ ಇಷ್ಟೆಲ್ಲ ಮಾಡಿದ ಮೇಲೂ ಮಗುವಿನ ಇಂಗ್ಲಿಷನ್ನು ನಾವು ಸಾರ್ವಜನಿಕವಾಗಿ ಕೇಳಿಸಿಕೊಳ್ಳುವ ಏಕೈಕ ಸಂದರ್ಭದಲ್ಲಿ ಅದು ಇನ್ನೊಬ್ಬರು ಬರೆದದ್ದನ್ನು ಒಪ್ಪಿಸುತ್ತಿರುತ್ತದೆ ಎಂಬುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಸ್ಪರ್ಧೆ ಎಂದ ಮೇಲೆ ಬಾಯಿಪಾಠ ಇದ್ದದ್ದೇ ಎನ್ನುವವರಿಗೆ ಅಮೆರಿಕದ ಸ್ಕ್ರಿಪ್ಸ್ ಸ್ಪೆಲ್ಲಿಂಗ್ ಬೀ ಎಂಬ ಇಂಗ್ಲಿಷ್ ಕಾಗುಣಿತ ಸ್ಪರ್ಧೆಯನ್ನು ತೋರಿಸಬೇಕು. ಅದಕ್ಕಿಂತ ದೊಡ್ಡ ಬಾಯಿಪಾಠದ ಕಣ ಇನ್ನೊಂದಿಲ್ಲ. ಭಾರತೀಯ ಮೂಲದ ಮಕ್ಕಳು ಅಲ್ಲಿ ವರ್ಷಗಟ್ಟಲೆ ಗೆದ್ದಿದ್ದಾರೆ, ನಮ್ಮ ಪತ್ರಿಕೆಗಳೂ ಹೆಮ್ಮೆಯಿಂದ ಬರೆದಿವೆ. 2019ರಲ್ಲಿ ಎಂಟು ಮಕ್ಕಳು ಜಂಟಿಯಾಗಿ ಗೆದ್ದರು, ಅವರಲ್ಲಿ ಏಳು ಮಂದಿ ಭಾರತೀಯ ಮೂಲದವರು. ಅವರನ್ನು ಸೋಲಿಸಬಲ್ಲಷ್ಟು ಕಷ್ಟದ ಪದಗಳೇ ಸಂಘಟಕರ ಬಳಿ ಉಳಿದಿರಲಿಲ್ಲ. ಕಾಗುಣಿತ ಹೇಳುವುದಕ್ಕೆ ಮೊದಲು ಪದದ ಅರ್ಥವೇನು, ಅದು ಯಾವ ಭಾಷೆಯಿಂದ ಬಂದದ್ದು ಎಂದು ಕೇಳುವ ಹಕ್ಕು ಅಲ್ಲಿನ ಮಗುವಿಗಿದೆ. ಅಷ್ಟು ಸಾಲದೆಂದು 2013ರಲ್ಲಿ ಪದದ ಅರ್ಥವನ್ನು ಪರೀಕ್ಷಿಸುವ ಪ್ರಶ್ನೆಗಳನ್ನು ಸೇರಿಸಿದರು, 2021ರಿಂದ ವೇದಿಕೆಯ ಮೇಲೆಯೇ ಅರ್ಥ ಕೇಳುವ ಸುತ್ತನ್ನೂ ತಂದರು. ಬರೀ ಅಕ್ಷರ ಜೋಡಿಸುವ ಸ್ಪರ್ಧೆಯೇ ಅರ್ಥದ ಕಡೆ ಹೊರಳಿರುವಾಗ ಭಾಷಣ ಸ್ಪರ್ಧೆಗೆ ಏನು ಅಡ್ಡಿ?

ಹಾಗೆಂದು ಈ ಸ್ಪರ್ಧೆಗಳು ಬೇಡವೆಂದು ನಾನು ಹೇಳುತ್ತಿಲ್ಲ. ಶಾಲೆ ಬಿಟ್ಟು ಎಷ್ಟೋ ವರ್ಷಗಳಾದ ಹಳೆಯ ವಿದ್ಯಾರ್ಥಿಗಳು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಪಾಠ ನೆನಪಿಸಿಕೊಳ್ಳುವುದಿಲ್ಲ, ಮೈಕಿನ ಮುಂದೆ ನಿಂತದ್ದನ್ನು ನೆನಪಿಸಿಕೊಳ್ಳುತ್ತಾರೆ. ಈಗ ನರ್ಸಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ಹುಡುಗಿಯೊಬ್ಬಳು, ಸಂದರ್ಶನದ ಕೊಠಡಿಗೆ ಹೋಗುವಾಗ ಕ್ಲಸ್ಟರಿನ ಆ ವೇದಿಕೆಯೇ ಕಣ್ಣ ಮುಂದೆ ಬಂತೆಂದೂ, ಅಲ್ಲಿ ನಿಂತವಳಿಗೆ ಇದೇನು ಮಹಾ ಅನಿಸಿತೆಂದೂ ಹೇಳಿದ್ದಳು. ಅವಳಿಗೆ ಬಹುಮಾನ ಬಂದಿರಲಿಲ್ಲ. ಬಹುಮಾನ ಬಂದವರಿಗೆ ಸಿಕ್ಕಿದ್ದು ಸ್ಟೀಲಿನ ತಟ್ಟೆ, ಅದು ಬೇರೆ ಮಾತು. ಇಂಗ್ಲಿಷ್ ಎಂದರೆ ಬೆವರುವ ಮನೆಯಿಂದ ಬಂದ ಮಗುವಿಗೆ ನೂರು ಜನರೆದುರು ಎರಡು ನಿಮಿಷ ಆ ಭಾಷೆಯನ್ನು ದೊಡ್ಡ ದನಿಯಲ್ಲಿ ಆಡಿದ ಅನುಭವವೇ ಒಂದು ಗಳಿಕೆ. ಅದು ಉಳಿಯಬೇಕು.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ಭಾಷಣ ಮುಗಿದ ಮೇಲೆ ತೀರ್ಪುಗಾರರು ಅದೇ ವಿಷಯದ ಮೇಲೆ ಒಂದು ಸರಳ ಪ್ರಶ್ನೆ ಕೇಳಲಿ, ಮಗು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಸಾಲದಿದ್ದರೆ ನಡುವೆ ಕನ್ನಡ ಬೆರೆಸಿ ಉತ್ತರಿಸಲಿ, ಒಟ್ಟು ಅಂಕಗಳ ಮೂರನೇ ಒಂದು ಭಾಗ ಅದಕ್ಕಿರಲಿ. ಸಮಯ ಸಾಲುವುದಿಲ್ಲ ಎಂದು ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗಳಾದ ಸಿಆರ್‌ಪಿ ಮಿತ್ರರು ಹೇಳಬಹುದು, ಒಂದೇ ದಿನದಲ್ಲಿ ಛದ್ಮವೇಷದಿಂದ ಕ್ಲೇ ಮಾಡೆಲಿಂಗ್‌ವರೆಗೆ ಎಲ್ಲವನ್ನೂ ಮುಗಿಸಬೇಕಾದ ಅವರ ಪಾಡು ನನಗೂ ಗೊತ್ತು. ಆದರೆ ಉದ್ಘಾಟನೆಯ ಭಾಷಣಗಳಲ್ಲಿ ಅರ್ಧ ಗಂಟೆ ಕಡಿಮೆ ಮಾಡಿದರೆ ಒಂದು ಕ್ಲಸ್ಟರಿನ ಎಲ್ಲ ಸ್ಪರ್ಧಿಗಳಿಗೂ ಪ್ರಶ್ನೆ ಕೇಳಿ ಮುಗಿಸಬಹುದು. ಪ್ರಶ್ನೆ ಬರುತ್ತದೆಂದು ಗೊತ್ತಾದರೆ ಶಿಕ್ಷಕರೂ ನಿಘಂಟಿನ ಪದಗಳನ್ನು ಬಿಟ್ಟು, ಮಗುವಿಗೆ ತಿಳಿಯುವ ಚಿಕ್ಕ ವಾಕ್ಯಗಳಲ್ಲಿ ಭಾಷಣ ಬರೆಯಲಾರಂಭಿಸುತ್ತಾರೆ, ಇಲ್ಲವೇ ಮಗುವಿನ ಜೊತೆ ಕೂತು ಬರೆಯುತ್ತಾರೆ. ಇದಕ್ಕೆ ರಾಜ್ಯಮಟ್ಟದ ಆದೇಶವನ್ನೇ ಕಾಯಬೇಕಾಗಿಲ್ಲ. ಕ್ಲಸ್ಟರಿಗೆ ಮುನ್ನ ಶಾಲಾ ಮಟ್ಟದಲ್ಲಿ ಮಕ್ಕಳನ್ನು ಆರಿಸುವಾಗ ಹೀಗೆ ಕೇಳುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ. ಈ ವರ್ಷ ನಮ್ಮ ಶಾಲೆಯಲ್ಲಿ ಹಾಗೆಯೇ ಮಾಡುತ್ತಿದ್ದೇನೆ. ಬೇರೆ ಶಾಲೆಗಳಲ್ಲಿ ಮಾಡಿ ನೋಡಿದವರಿದ್ದರೆ, ಎಂಥ ಪ್ರಶ್ನೆ ಕೇಳಿದಿರಿ, ಮಕ್ಕಳು ಏನೆಂದರು ಎಂದು ಇಲ್ಲಿ ಬರೆಯಿರಿ.