ಬರೀಬೇಡ ಅಂದವರೇ ಕಥೆ ಹೇಳುತ್ತಾರೆ

ಹಾಸನದಲ್ಲಿ ಕಥೆ ಬರೆಯುವವರ ಪಾಡು 2025ರ ಮೇ ತಿಂಗಳಿಂದ ಬದಲಾಗಿದೆ. ಅದಕ್ಕೂ ಮುಂಚೆ ಯಾರಿಗಾದರೂ "ನಾನು ಸ್ವಲ್ಪ ಬರೀತೀನಿ" ಅಂದರೆ, "ಎಲ್ಲಿ, ಸೊಸೈಟಿಯಲ್ಲಿ ಲೆಕ್ಕಾನಾ?" ಅನ್ನುತ್ತಿದ್ದರು. ನಮ್ಮೂರಿನ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು ನೋಡಿ, ಆಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ. "ನಿಮ್ಮದು ಯಾವಾಗ?" ಮಾರ್ಕೆಟ್ಟಿನಲ್ಲಿ ಆಲೂಗಡ್ಡೆ ತೂಗುತ್ತಿದ್ದವನೂ ತಕ್ಕಡಿ ಹಿಡಿದುಕೊಂಡೇ ಕೇಳಿದ. ನಮ್ಮನೆಯವರು ಪ್ರಶಸ್ತಿಯ 50,000 ಪೌಂಡ್ ಅಂದರೆ ಎಷ್ಟು ರೂಪಾಯಿ ಅಂತ ಫೋನಿನಲ್ಲಿ ಲೆಕ್ಕ ಹಾಕಿದರು. ಅದರಲ್ಲಿ ಅರ್ಧ ಅನುವಾದ ಮಾಡಿದ ದೀಪಾ ಭಾಸ್ತಿ ಅವರಿಗೆ ಸೇರುತ್ತದೆ ಅಂತ ಹೇಳಿದೆ. "ಅರ್ಧವೇ ಬರಲಿ ಬಿಡು. ನಾಳೆಯಿಂದ ಬೇಗ ಅಡುಗೆ ಮುಗಿಸಿ ಕೂತ್ಕೋ" ಅಂದರು. ಅಡುಗೆ ನಾನು ಮಾಡ್ತೀನಿ ಅನ್ನಲಿಲ್ಲ, ಗಮನಿಸಿ.

ನನಗೆ ಆ ಸುದ್ದಿಯಲ್ಲಿ ಹಿಡಿಸಿದ್ದು ಬೇರೆಯೇ. ಪ್ರಶಸ್ತಿ ಬಂದ 'ಹಾರ್ಟ್ ಲ್ಯಾಂಪ್' ಪುಸ್ತಕದಲ್ಲಿರುವ 12 ಕಥೆಗಳು 1990ರಿಂದ 2023ರ ನಡುವೆ ಬರೆದವು. ಮೂವತ್ತು ಚಿಲ್ಲರೆ ವರ್ಷ! ಇದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನ ಆಯಿತೆಂದರೆ, ಆವತ್ತು ಬರೆಯಲೇ ಇಲ್ಲ. ಅವರು ಆ ನಡುವೆ ವಕೀಲಿ ಮಾಡಿದರು, ಹೋರಾಟ ಮಾಡಿದರು, ಇನ್ನೂ ಎಷ್ಟೋ ಬರೆದರು ಅನ್ನುವ ವಿಷಯವನ್ನು ನಾನು ಅನುಕೂಲ ನೋಡಿಕೊಂಡು ಮರೆಯುತ್ತೇನೆ.

ನಿಧಾನದ ವಿಷಯಕ್ಕೆ ಬಂದರೆ ನಮ್ಮೂರಿನ ದೇವಸ್ಥಾನದಲ್ಲೇ ನನಗೊಂದು ಆಧಾರ ಇದೆ. ಹಾಸನಾಂಬೆ ಗುಡಿಯಲ್ಲಿ ಸೊಸೆ ಕಲ್ಲು ಅಂತ ಒಂದಿದೆ. ದಿನಾ ದೇವಿ ದರ್ಶನಕ್ಕೆ ಬರುತ್ತಿದ್ದ ಸೊಸೆಗೆ ಅತ್ತೆ ಹಿಂದಿನಿಂದ ಬಂದು ಹೊಡೆದಳಂತೆ, ಸೊಸೆ ಅಮ್ಮಾ ಅಂತ ಕೂಗಿ ಕಲ್ಲಾದಳಂತೆ. ಆ ಕಲ್ಲು ವರ್ಷಕ್ಕೆ ಒಂದು ಕಾಳಿನಷ್ಟು ದೇವಿಯ ಕಡೆ ಜರುಗುತ್ತದೆ ಅನ್ನುವುದು ನಂಬಿಕೆ. ನನ್ನ ಕಾದಂಬರಿಯೂ ಅದೇ ಸ್ಪೀಡಿನಲ್ಲಿ ಹೋಗುತ್ತಿದೆ. ಸೊಸೆ ಕಲ್ಲು ದೇವಿಯ ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದಂತೆ. ಅಷ್ಟರೊಳಗೆ ನನ್ನದು ಅಚ್ಚಾದರೆ ಸಾಕು.

ಆ ಗುಡಿ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ, ಕೆಲವೇ ದಿನ. ಬಾಕಿ ಊರಿನವರು ದರ್ಶನಕ್ಕೆ ಬರುತ್ತಾರೆ. ನಾನು ಸಾಲಿಗೆ ಹೋಗುತ್ತೇನೆ. ಧರ್ಮದರ್ಶನದ ಸಾಲು. ಸಾವಿರ ರೂಪಾಯಿ ಟಿಕೆಟ್ಟಿನವರು ಬೇಗ ಒಳಗೆ ಹೋಗಿಬಿಡುತ್ತಾರೆ, ಅವರಿಂದ ಒಂದು ವಾಕ್ಯವೂ ಸಿಗುವುದಿಲ್ಲ. ಧರ್ಮದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಬೇಕು. ಮೊದಲ ಗಂಟೆ ಬಿಸಿಲಿಗೆ ಬೈಯುತ್ತಾರೆ. ಎರಡನೇ ಗಂಟೆ ವ್ಯವಸ್ಥೆಗೆ ಬೈಯುತ್ತಾರೆ. ಅದು ಮುಗಿದ ಮೇಲೆ ಮನೆಯವರ ಸರದಿ. ಮುಂದೆ ನಿಂತವರ ಆಸ್ತಿ ಭಾಗ, ಹಿಂದೆ ನಿಂತವರ ಮಗಳ ಮದುವೆ, ಎಲ್ಲ ನಮ್ಮ ಕಿವಿಗೇ. ದೇವಿ ಎದುರು ಬಂದಾಗ ನನಗೆ ಕೇಳಿಕೊಳ್ಳಲು ಏನೂ ಉಳಿದಿರುವುದಿಲ್ಲ. ಬೇಕಾದ್ದು ಸಾಲಿನಲ್ಲೇ ಸಿಕ್ಕಿರುತ್ತದೆ.

ಸ್ಫೂರ್ತಿಗೆ ಬೆಟ್ಟ ಹತ್ತಬೇಕು ಅನ್ನುವವರ ಮಾತು ಕೇಳಿ ಒಮ್ಮೆ ಚಿಕ್ಕಮಗಳೂರಿಗೂ ಹೋಗಿದ್ದೆ. ಮಳೆಗಾಲ. ಹೋಂಸ್ಟೇ ಜಗಲಿಯಲ್ಲಿ ಕೂತರೆ ಎದುರಿಗೆ ಮುಳ್ಳಯ್ಯನಗಿರಿ ಕಾಣುತ್ತದೆ ಅಂದಿದ್ದರು. ಕರ್ನಾಟಕದ ಅತಿ ಎತ್ತರದ ಶಿಖರ, ನನಗೆ ಕಂಡಿದ್ದು ಬಿಳಿ ಗೋಡೆ. ಮಂಜು ನೋಟ್‌ಬುಕ್ಕಿನ ಮೇಲೂ ಕೂತು ಹಾಳೆ ಮೆತ್ತಗಾಗಿ, ಪೆನ್ನು ಇಟ್ಟಲ್ಲೆಲ್ಲ ತೂತು. ಕಾಲಿಗೆ ಜಿಗಣೆ ಹತ್ತಿತ್ತು. ಎರಡು ದಿನಕ್ಕೆ ನಾನು ಬರೆದ ಒಂದೇ ಸಾಲು, "ಮುಂದಿನ ಸಲ ಉಪ್ಪು ತರಬೇಕು."

ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬರೆಯಿರಿ ಅಂತ ಇನ್ನು ಕೆಲವರು ಹೇಳುತ್ತಾರೆ. ಹಾಗೆ ಹೇಳುವವರಿಗೆ ಐದಕ್ಕೆ ಕಾಫಿ ತಂದುಕೊಡಲು ಮನೆಯಲ್ಲಿ ಯಾರೋ ಇರುತ್ತಾರೆ ಅನ್ನುವುದು ನನ್ನ ಗುಮಾನಿ. ನನಗೆ ಸಾಲು ಹೊಳೆಯುವುದು ಒಗ್ಗರಣೆ ಹೊತ್ತಿಗೆ. ಸಾಸಿವೆ ಸಿಡಿಯುತ್ತಿರುತ್ತದೆ, ಕರಿಬೇವು ಕೈಯಲ್ಲಿರುತ್ತದೆ, ಆಗಲೇ ನಾಯಕಿ ಬಾಯಿ ಬಿಡುತ್ತಾಳೆ. ಸಿಕ್ಕಿದ್ದರ ಮೇಲೆ ಬರೆದುಕೊಳ್ಳಬೇಕು. ಹಾಗೆ ಒಂದು ಸಲ ಕರೆಂಟ್ ಬಿಲ್ಲಿನ ಹಿಂಭಾಗ ಸಿಕ್ಕಿತು. ಮಾರನೇ ದಿನ ನಮ್ಮನೆಯವರು ಅದನ್ನೇ ಜೇಬಿನಲ್ಲಿಟ್ಟುಕೊಂಡು ಕಟ್ಟಲು ಹೋದರು. ಫೋನಿನಲ್ಲಿ ದುಡ್ಡು ಕಟ್ಟಿದರೆ ಅವರಿಗೆ ಕಟ್ಟಿದ ಹಾಗೆ ಅನ್ನಿಸುವುದಿಲ್ಲ. ಕೌಂಟರಿನವರು ಬಿಲ್ಲು ತಿರುಗಿಸಿದರು. ಓದಿದರು. "ಇನ್ನು ಇವನ ಜೊತೆ ಒಂದು ರಾತ್ರಿಯೂ ಇರಲಾರೆ. ಒಡವೆ ಅಕ್ಕಿ ಡಬ್ಬದಲ್ಲಿದೆ, ಮಳೆ ನಿಂತ ತಕ್ಷಣ ಹೊರಡುತ್ತೇನೆ."

ಆ ಮನುಷ್ಯ ಚಿಲ್ಲರೆ ಕೊಡುವಾಗ ದನಿ ತಗ್ಗಿಸಿ, "ಸಾರ್, ಮೊದಲು ಮನೆಗೆ ಹೋಗಿ" ಅಂದರಂತೆ. ಹೊರಗೆ ಆಗಷ್ಟೇ ಮಳೆ ನಿಂತಿತ್ತು. ಇವರು ಸ್ಕೂಟರ್ ಓಡಿಸಿಕೊಂಡು ಬಂದವರೇ ಸೀದಾ ಅಡುಗೆಮನೆಗೆ ಹೋಗಿ ಅಕ್ಕಿ ಡಬ್ಬಕ್ಕೆ ಕೈ ಹಾಕಿದರು. ಅದರಲ್ಲಿ ನಾನು ಸಾಸಿವೆ ಡಬ್ಬದಿಂದ ವರ್ಗ ಮಾಡಿದ್ದ ಐನೂರರ ನೋಟುಗಳು ಸಿಕ್ಕವು. ಸಾಹಿತ್ಯದಿಂದ ನಮ್ಮ ಮನೆಗೆ ಆದ ಮೊದಲ ಲಾಭ ಅದು, ಅದೂ ನನಗಲ್ಲ.

ಆಮೇಲೆ ಕಾಗದದ ಸಹವಾಸವೇ ಬೇಡ ಅಂತ ಫೋನಿಗೆ ಹೇಳಿ ಬರೆಸುವುದು ಕಲಿತೆ. ನಾವು ಮಾತಾಡಿದರೆ ಅದು ತಾನೇ ಟೈಪ್ ಮಾಡಿಕೊಳ್ಳುತ್ತದೆ. ಸಕಲೇಶಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಬಸ್ಸಿನ ಸದ್ದಿಗೆ ಫೋನಿಗೆ ಕೇಳಿಸಲಿ ಅಂತ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. "ಕೊನೆಗೂ ಶಾಂತಮ್ಮ ಸತ್ತಳು. ಯಾರ ಕಣ್ಣಲ್ಲೂ ಒಂದು ಹನಿ ನೀರು ಬರಲಿಲ್ಲ."

ಪಕ್ಕದ ಸೀಟಿನ ಹೆಂಗಸು ಮಡಿಲಲ್ಲಿದ್ದ ಚೀಲ ಕೆಳಗಿಟ್ಟರು. "ಅಯ್ಯೋ ಶಿವನೇ. ಯಾವ ಶಾಂತಮ್ಮ? ನಮ್ಮ ಆಲೂರಿನವಳಾ?"

ಇಲ್ಲ ಅಮ್ಮ, ಇದು ಕಥೆ, ಸುಮ್ನೆ ಅಂದೆ.

"ಕಥೆಯೇ ಕಣವ್ವ ಅವಳದ್ದು" ಅಂತ ಅವರು ಶುರು ಮಾಡಿದರು. ಶಾಂತಮ್ಮನ ಗಂಡ ಎರಡನೆಯವಳನ್ನು ಕರೆದುಕೊಂಡು ಬಂದ ದಿನ ಶಾಂತಮ್ಮ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳಂತೆ. ಬಂದವಳಿಗೆ ಆರತಿ ಎತ್ತಿ, ಸೊಂಟದಿಂದ ಬೀಗದ ಕೈ ಬಿಚ್ಚಿ ಅವಳ ಕೈಗೆ ಕೊಟ್ಟು, "ತಗಳವ್ವ, ಹಾಲು ಕರೆಯೋದು ಐದಕ್ಕೆ, ಇವನ ಕೆಮ್ಮಿನ ಔಷಧಿ ಗೂಡಲ್ಲಿದೆ" ಅಂದವಳೇ ಮೈಸೂರಿನ ಮಗನ ಮನೆಗೆ ಹೊರಟಳಂತೆ. ಎರಡನೆಯವಳು ಹದಿನೈದು ದಿನವೂ ಬಾಳಲಿಲ್ಲ. ಐದಕ್ಕೆ ಏಳಬೇಕಲ್ಲ!

ಹಿಂದಿನ ಸೀಟಿನವರು ಮುಂದಕ್ಕೆ ಬಾಗಿದ್ದರು. ಕಂಡಕ್ಟರ್ ಟಿಕೆಟ್ ಕೊಡುವುದು ಬಿಟ್ಟು ಕಂಬಿ ಹಿಡಿದು ನಿಂತಿದ್ದ. ಆಲೂರು ಬಂದೇಬಿಟ್ಟಿತು. ಆಯಮ್ಮ ಇಳಿಯುತ್ತಾ, "ಅವಳು ಗಟ್ಟಿಮುಟ್ಟಾಗವಳೆ. ನಿನ್ನ ಫೋನಿಗೆ ಹೇಳು, ಸಾಯಿಸಬೇಡ ಅಂತ" ಅಂದರು. ಫೋನು ನೋಡಿದರೆ ಅವರ ಮಾತನ್ನೂ ಅದು ಟೈಪ್ ಮಾಡಿಕೊಂಡಿತ್ತು, ನಡುವೆ ಕಂಡಕ್ಟರನ "ಪಾಳ್ಯ ಯಾರ್ರೀ" ಸಮೇತ. ನನ್ನ ಶಾಂತಮ್ಮನನ್ನು ಅಲ್ಲೇ ಅಳಿಸಿದೆ. ಸುಮ್ಮನೆ ಸಾಯುವವಳು ಯಾರಿಗೆ ಬೇಕು?

ಬರೆಯಲು ವಸ್ತು ಹೀಗೆ ದಾರಿಯಲ್ಲಿ ಬಿದ್ದಿರುತ್ತದೆ. ಧೈರ್ಯ ಮಾತ್ರ ಸುಲಭಕ್ಕಿಲ್ಲ. ವಿಮರ್ಶಕರ ಹೆದರಿಕೆ ನನಗಿಲ್ಲ, ಅವರಿಗೆ ನಾನು ಗೊತ್ತೇ ಇಲ್ಲ. ಹೆದರಿಕೆ ಇರುವುದು ಅರಸೀಕೆರೆಯ ಚಿಕ್ಕಮ್ಮನದ್ದು. ಒಂದು ಕಥೆಯಲ್ಲಿ ತೆಂಗಿನಕಾಯಿ ಎಣಿಸಿ ಎಣಿಸಿ ಕೊಡುವ ಜಿಪುಣ ಹೆಂಗಸೊಬ್ಬಳಿದ್ದಳು. ಚಿಕ್ಕಮ್ಮನನ್ನು ನೆನೆದು ಬರೆದದ್ದಲ್ಲ, ಆಣೆ. ಆದರೆ ಕಥೆ ಬಂದ ಭಾನುವಾರವೇ ಫೋನು. "ಏನೇ, ನಾನು ಕಾಯಿ ಎಣಿಸ್ತೀನಾ?" ಅಂದವರು ಉತ್ತರಕ್ಕೂ ಕಾಯಲಿಲ್ಲ. ಮೂರನೇ ದಿನ ಮನೆ ಮುಂದೆ ಗೂಡ್ಸ್ ಆಟೋ ನಿಂತು ಒಂದು ಮೂಟೆ ಕಾಯಿ ಇಳಿಯಿತು. ನಮ್ಮತ್ತೆ ಕೂತು ಎಣಿಸಿದರು. ಸರಿಯಾಗಿ ನೂರಿತ್ತು. "ನೋಡು, ಎಣಿಸಿಯೇ ಕಳ್ಸಿರೋದು" ಅಂತ ಅವರಿಗೆ ಬಹಳ ಖುಷಿಯಾಯಿತು.

ಆ ಕಥೆ ಬಂದ ಪತ್ರಿಕೆಯಲ್ಲಿ ನನ್ನ ಫೋಟೋ ಜಾಗದಲ್ಲಿ ಯಾವುದೋ ಮೀಸೆ ಗಂಡಸಿನ ಫೋಟೋ ಬಂದಿತ್ತು. ಮನೆಯವರೆಲ್ಲ ನಕ್ಕು ಮುಗಿಸಿದರು. ನನಗೆ ಮಾತ್ರ ಬೇಲೂರಿನ ಶಿಲ್ಪಿ ದಾಸೋಜ ನೆನಪಾದ. ಬಳ್ಳಿಗಾವೆಯಿಂದ ಬಂದವನು. ಅವನೂ ಅವನ ಮಗ ಚಾವಣನೂ ಚೆನ್ನಕೇಶವನ ಗುಡಿಯಲ್ಲಿ ತಾವು ಕೆತ್ತಿದ ಮದನಿಕೆಯರ ಕೆಳಗೆ ತಮ್ಮ ಹೆಸರನ್ನು ತಾವೇ ಕೆತ್ತಿಕೊಂಡಿದ್ದಾರೆ, ಹೊಗಳಿಕೆ ಬಿರುದುಗಳ ಸಮೇತ. ಬೇರೆಯವರು ಹಾಕುತ್ತಾರೆ ಅಂತ ಕಾದಿದ್ದರೆ ಯಾವ ಮೀಸೆಯ ಹೆಸರು ಬರುತ್ತಿತ್ತೋ! 900 ವರ್ಷದ ಹಿಂದಿನ ಕಸುಬುದಾರನಿಗಿದ್ದ ಆ ಜಂಬದಲ್ಲಿ ಒಂದು ಚಿಟಿಕೆ ನನಗೂ ಇರಲಿ ಅಂತ, ಈಗ ಕಥೆಯ ಪ್ರತಿ ಹಾಳೆಯ ಕೆಳಗೂ ಹೆಸರು ಬರೆದು ಕಳಿಸುತ್ತೇನೆ. ಬಿರುದು ಇನ್ನೂ ಹಾಕಿಕೊಂಡಿಲ್ಲ.

ಇತ್ತೀಚೆಗೆ ಬೀದಿಯಲ್ಲಿ ನಾನು ಬಂದರೆ "ಹುಷಾರು, ಬರೆದುಬಿಡ್ತಾಳೆ" ಅನ್ನುತ್ತಾರೆ. ಅಂದಮೇಲೆ ಬಾಯಿ ಮುಚ್ಚಬೇಕಲ್ವಾ? ಇಲ್ಲ. ಮೊನ್ನೆ ಪಕ್ಕದ ಮನೆಯವರು ಹಿತಕಿದ ಬೇಳೆ ಸಾರು ಹಿಡಿದುಕೊಂಡು ಬಂದರು. ಪಾತ್ರೆ ಇಟ್ಟು, ಬಾಗಿಲು ಮುಂದೆ ಮಾಡಿ, ಕುರ್ಚಿ ಹತ್ತಿರ ಎಳೆದುಕೊಂಡರು.

"ಇದನ್ನ ಮಾತ್ರ ನೀನು ಎಲ್ಲೂ ಬರೀಬಾರ್ದು, ಆಯ್ತಾ?"

ಬರೆಯಲ್ಲ ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ಸ್ವಲ್ಪ ಬೇಜಾರಾದ ಹಾಗೆ ಕಂಡಿತು. "ಅಲ್ಲ, ಬರೆದರೂ ಏನಿಲ್ಲ. ನನ್ನ ಹೆಸರು ಬದಲಾಯಿಸು. ಹಾಗೇ ಒಂಚೂರು ತೆಳ್ಳಗೂ ಮಾಡು."