ಮೂರು ದಿನದಲ್ಲಿ ಐದು ಕ್ಷೇತ್ರ ಮಾಡುವವರು ಕ್ರೀಟ್‌ಗೆ ಹೋದರೆ

ಅಪ್ಪ ಅಮ್ಮ ದಾವಣಗೆರೆಯಿಂದ ಜರ್ಮನಿಗೆ ಬಂದಿದ್ದಾಗ ಮೇ ತಿಂಗಳಲ್ಲಿ ಒಂದು ವಾರ ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ಹೋದೆವು. ದ್ವೀಪ ಎಷ್ಟು ದೊಡ್ಡದಿದ್ದೀತು, ಒಂದೇ ಕಡೆ ರೂಮು ಮಾಡಿ ದಿನಾ ಸುತ್ತಿ ಬಂದರಾಯಿತು ಅಂದುಕೊಂಡಿದ್ದೆ. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ, ಕೊಲ್ಲೂರು, ಶೃಂಗೇರಿ ಎಲ್ಲವನ್ನೂ ಮೂರು ದಿನದಲ್ಲಿ ಮುಗಿಸಿದ ಮನೆಯವರು ನಾವು!

ಕ್ರೀಟ್‌ನ ಉದ್ದ ಸುಮಾರು 260 ಕಿ.ಮೀ. ಮಧ್ಯದಲ್ಲಿ 2,400 ಮೀಟರ್ ದಾಟುವ ಬೆಟ್ಟಗಳು. ಉತ್ತರ ಕರಾವಳಿಯ ಹೆದ್ದಾರಿ ಬಿಟ್ಟರೆ ಮಿಕ್ಕಿದ್ದೆಲ್ಲ ತಿರುವು. ನಮ್ಮ ರೂಮು ಹೆರಾಕ್ಲಿಯನ್‌ನಲ್ಲಿ, ಗುಲಾಬಿ ಮರಳಿನ ಎಲಾಫೊನಿಸಿ ಕಡಲತೀರ ನೈಋತ್ಯದ ತುದಿಯಲ್ಲಿ. ಹೋಗಿಬರಲು ಎಂಟು ಗಂಟೆ ಕಾರಿನಲ್ಲೇ ಕಳೆಯಿತು. "ಆಗುಂಬೆ ಘಾಟಿನೇ ವಾಸಿ ಕಣೋ" ಅಂದರು ಅಮ್ಮ, ಬಾಯಲ್ಲಿ ನಿಂಬೆಹಣ್ಣಿನ ಹೋಳು ಇಟ್ಟುಕೊಂಡು.

ಮಾರನೇ ದಿನವೇ ರೂಮು ಬಿಟ್ಟು ಪಶ್ಚಿಮದ ಹನಿಯಾಕ್ಕೆ ಬಂದುಬಿಟ್ಟೆವು. ಕೊಟ್ಟ ದುಡ್ಡು ಹೋಯಿತು. ಎರಡೂ ಊರಲ್ಲಿ ವಿಮಾನ ನಿಲ್ದಾಣ ಇದೆ. ಒಂದರಲ್ಲಿ ಇಳಿದು ಇನ್ನೊಂದರಿಂದ ಹೊರಡುವ ಹಾಗೆ ಟಿಕೆಟ್ ಮಾಡಿ, ಅಲ್ಲಿ ಮೂರು ರಾತ್ರಿ, ಇಲ್ಲಿ ನಾಲ್ಕು ರಾತ್ರಿ ಇದ್ದಿದ್ದರೆ ಸಾಕಿತ್ತು. ನಡುವೆ ಬಸ್ಸೂ ಚೆನ್ನಾಗಿದೆ.

ನನ್ನ ಜರ್ಮನ್ ಸಹೋದ್ಯೋಗಿ ಪ್ರತಿ ವರ್ಷ ಅದೇ ಹಳ್ಳಿಯ ಅದೇ ರೂಮಿಗೆ ಎರಡು ವಾರ ಹೋಗುತ್ತಾನೆ. ಮೊದಲು ನಗುತ್ತಿದ್ದೆ. ಈಗ ಅರ್ಧ ಒಪ್ಪುತ್ತೇನೆ. ಅರ್ಧ ಮಾತ್ರ, ಯಾಕೆಂದರೆ ಆರು ಗಂಟೆಗೇ ಊಟ ಹುಡುಕುವ ಅವನಿಗಿಂತ ನಾವೇ ಅಲ್ಲಿಗೆ ಜಾಸ್ತಿ ಹೊಂದುತ್ತೇವೆ. ಹನಿಯಾದಲ್ಲಿ ಮಧ್ಯಾಹ್ನ ಎಷ್ಟೋ ಅಂಗಡಿಗಳ ಬಾಗಿಲು ಹಾಕಿರುತ್ತದೆ. ರಾತ್ರಿ ಊಟ ಒಂಬತ್ತಕ್ಕೆ. ಅಪ್ಪ ಮಧ್ಯಾಹ್ನ ಊಟ ಮಾಡಿ ಮಲಗಿ ಎದ್ದು, "ಇವರು ನಮ್ಮೋರೇ ಅಲ್ವಾ" ಅಂದರು. ಹಾಗಾಗಿ ಹೆರಾಕ್ಲಿಯನ್ ಹತ್ತಿರದ ಪ್ರಾಚೀನ ಅರಮನೆಯ ಅವಶೇಷ ಕ್ನೋಸೊಸ್‌ನಂಥ ನೆರಳಿಲ್ಲದ ಜಾಗಕ್ಕೆ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಮಧ್ಯಾಹ್ನಕ್ಕೆ ಏನೂ ಇಟ್ಟುಕೊಳ್ಳಬೇಡಿ.

ಜುಲೈ, ಆಗಸ್ಟ್ ಬೇಡವೇ ಬೇಡ. ಬಿಸಿಲು, ಜನ, ದುಬಾರಿ, ಮೇಲೆ ಮೆಲ್ತೆಮಿ ಅನ್ನುವ ಉತ್ತರದ ಗಾಳಿ. ಗಾಳಿ ಜೋರಾದರೆ ದೋಣಿ ಬಿಡುವುದಿಲ್ಲ. ಕಡಲ ಪ್ರಯಾಣವನ್ನು ವಿಮಾನದ ಹಿಂದಿನ ದಿನಕ್ಕೆ ಎಂದೂ ಇಟ್ಟುಕೊಳ್ಳಬೇಡಿ. ಸೆಪ್ಟೆಂಬರ್‌ನಲ್ಲಿ ನೀರು ಬೆಚ್ಚಗಿರುತ್ತದೆ.

ಸಸ್ಯಾಹಾರಿಗಳಿಗೆ ಒಂದು ಪದ ಸಾಕು: 'ನಿಸ್ತಿಸಿಮ'. ಅಲ್ಲಿನ ಕ್ರೈಸ್ತರು ಉಪವಾಸದ ದಿನಗಳಲ್ಲಿ ತಿನ್ನುವ ಅಡುಗೆ. ಮಾಂಸ, ಮೊಟ್ಟೆ, ಹಾಲು ಇರುವುದಿಲ್ಲ. ಆದರೆ ಸಿಗಡಿ, ಸ್ಕ್ವಿಡ್ (ಬೊಂಡಾಸ) ಉಪವಾಸಕ್ಕೆ ನಡೆಯುತ್ತದೆ! ಅದನ್ನೊಂದು ಬಿಡಿಸಿ ಕೇಳಿ. ಅವರು 'ನೆ' ಅಂದರೆ ಹೌದು ಅಂತ, ಬೇಡ ಅಂತಲ್ಲ. ಬಾರ್ಲಿಯ ಒಣ ರೊಟ್ಟಿಯ ಮೇಲೆ ಟೊಮೆಟೊ, ಚೀಸು, ಆಲಿವ್ ಎಣ್ಣೆ ಹಾಕಿದ ಡಾಕೋಸ್ ಅಮ್ಮನಿಗೆ ಹಿಡಿಸಿತು. ಚಟ್ನಿಪುಡಿ ಉದುರಿಸಿಕೊಂಡ ಮೇಲೆ ಇನ್ನೂ ಜಾಸ್ತಿ.

ಕೊನೆಯ ಸಂಜೆ ಚಿಕ್ಕಮ್ಮ ಫೋನ್ ಮಾಡಿ ಎಷ್ಟು ಜಾಗ ಆಯ್ತು ಅಂತ ಕೇಳಿದರು. "ಎರಡೇ ಊರು ಕಣೆ. ಮೊಸರು ಮಾತ್ರ ಚಾಕು ಹಾಕಿ ಕೊಯ್ಯೋ ಹಂಗಿದೆ" ಅಂದರು ಅಮ್ಮ.