ಹುಲ್ಲು ಮತ್ತು ಹಾಸು

ಹುಲ್ಲುಹಾಸು ಅನ್ನುವ ಪದದಲ್ಲೇ ಒಂದು ಮೋಸ ಇದೆ. ಹಾಸು ಅಂದರೆ ಚಾಪೆ, ಜಮಖಾನೆ ಥರ ಒಮ್ಮೆ ಹಾಸಿ ಸುಮ್ಮನಾಗುವಂಥದ್ದು. ಆಗಾಗ ಕೊಡವಿದರೆ ಸಾಕು. ಮನೆ ಮುಂದೆ ಲಾನ್ ಮಾಡಿದಾಗ ನನ್ನ ತಲೆಯಲ್ಲಿ ಇದ್ದದ್ದೂ ಅಷ್ಟೇ. ಹಾಸು ನೆನಪಿತ್ತು, ಹುಲ್ಲು ಮರೆತುಹೋಗಿತ್ತು.

ಜಮಖಾನೆ ಅಂದಮೇಲೆ ನುಣ್ಣಗಿರಬೇಕು, ಅಲ್ವಾ? ಕತ್ತರಿಸುವ ಮಷೀನನ್ನು ಎಷ್ಟು ತಗ್ಗಿಸಬಹುದೋ ಅಷ್ಟು ತಗ್ಗಿಸಿ ಒಂದೇ ಸಲಕ್ಕೆ ಬೋಳಿಸಿಬಿಟ್ಟೆ. ಸಂಜೆ ನೋಡಿದರೆ ಕಣ್ಣಿಗೆ ಹಬ್ಬ. ನಾಲ್ಕು ದಿನ ಕಳೆದ ಮೇಲೆ ನೋಡಿದರೆ ಹಳದಿ ಬಣ್ಣದ ಗೋಣಿಚೀಲ ಹಾಸಿದ ಹಾಗಿತ್ತು.

ಆಮೇಲೆ ತಿಳಿಯಿತು. ಹುಲ್ಲಿಗೆ ಎಲೆಯೇ ಅಡುಗೆಮನೆ. ಬಿಸಿಲು ಹಿಡಿದು ಊಟ ತಯಾರಾಗುವುದು ಅಲ್ಲೇ. ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕತ್ತರಿಸಿದರೆ ಅದು ಬೇರಿನ ಕೆಲಸ ಬಿಟ್ಟು, ಮೊದಲು ಎಲೆ ಚಿಗುರಿಸಲು ಒದ್ದಾಡುತ್ತದೆ. ಕೂಡಿಟ್ಟ ಗಂಟೆಲ್ಲ ಅದಕ್ಕೇ ಖರ್ಚು. ಆರು ಸೆಂಟಿಮೀಟರ್ ಬೆಳೆದಿದ್ದರೆ ನಾಲ್ಕಕ್ಕೆ ನಿಲ್ಲಿಸಬೇಕು. ನಾನು ಒಂದಕ್ಕೆ ಇಳಿಸಿದ್ದೆ.

ತಪ್ಪು ನನ್ನೊಬ್ಬನದೇ ಅಲ್ಲ ಅಂತ ಸಮಾಧಾನ ಮಾಡಿಕೊಳ್ಳಲು ಒಂದು ಕಾರಣ ಸಿಕ್ಕಿದೆ. ಈ ಮಷೀನಿನ ತವರೇ ಬಟ್ಟೆ ಗಿರಣಿ. ಉಣ್ಣೆ ಬಟ್ಟೆಯ ಮೇಲೆ ಎದ್ದು ನಿಂತ ಎಳೆಗಳನ್ನು ಸಮ ಮಾಡುವ ಯಂತ್ರವನ್ನು ನೋಡಿ, ಇದನ್ನೇ ಹುಲ್ಲಿನ ಮೇಲೆ ಓಡಿಸಿದರೆ ಹೇಗೆ ಅಂತ 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್‌ಗೆ ಹೊಳೆಯಿತು. ಅದಕ್ಕೂ ಮುಂಚೆ ಆ ಕೆಲಸ ಕುಡುಗೋಲಿನದು, ಇಲ್ಲವೇ ಕುರಿಗಳದು. ಬಟ್ಟೆ ಅಂತ ತಿಳಿದೇ ಶುರುವಾದ ಕೆಲಸ ಇದು!

ಆದರೆ ಕುರಿ ಮೇಯ್ದರೂ ಹುಲ್ಲು ಸಾಯುವುದಿಲ್ಲ. ಬೇರೆ ಗಿಡಗಳು ತುದಿಯಲ್ಲಿ ಚಿಗುರಿದರೆ ಹುಲ್ಲಿನ ಎಲೆ ಬೆಳೆಯುವುದು ಬುಡದಿಂದ. ತುದಿ ಹೋದರೆ ಹೋಗಲಿ ಅಂತ ಕೆಳಗಿನಿಂದ ಮತ್ತೆ ತಳ್ಳುತ್ತದೆ. ಬುಡಕ್ಕೇ ಕೈ ಹಾಕಿದರೆ ಮಾತ್ರ ಕಷ್ಟ.

ಒಂದು ದಿನ ಮೊಣಕಾಲೂರಿ ಕೂತು ಒಂದೇ ಒಂದು ಎಸಳನ್ನು ಬೆರಳ ಮೇಲಿಟ್ಟು ನೋಡಿದೆ. ತುದಿ ಕತ್ತರಿಸಿದ ಹಾಗೇ ಇರಲಿಲ್ಲ. ಹಳೇ ಹಗ್ಗದ ತುದಿಯ ಹಾಗೆ ನಾರು ನಾರಾಗಿ, ಒಣಗಿ ಬೆಳ್ಳಗಾಗಿತ್ತು. ಬ್ಲೇಡು ಮೊಂಡಾಗಿತ್ತು. ಅದು ಕತ್ತರಿಸುತ್ತಿರಲಿಲ್ಲ, ಹರಿಯುತ್ತಿತ್ತು. ದೂರದಿಂದ ಲಾನು ಮಂಕಾಗಿ ಕಾಣುತ್ತಿದ್ದದ್ದಕ್ಕೆ ನಾನು ಗೊಬ್ಬರ ಸುರಿಯುತ್ತಿದ್ದೆ. ಸಾಣೆ ಹಿಡಿಸಿದ್ದರೆ ಸಾಕಿತ್ತು.

ನೀರಿನ ಕಥೆ ಇನ್ನೂ ಚೆನ್ನಾಗಿದೆ. ದಿನಾ ಸಂಜೆ ಪೈಪು ಹಿಡಿದು ಹತ್ತು ನಿಮಿಷ ನಿಲ್ಲುವುದು ನನ್ನ ಪಾಲಿನ ಧ್ಯಾನ. ಹುಲ್ಲಿಗೆ ಎಷ್ಟು ಉಪಕಾರವಾಯಿತೋ, ನನಗಂತೂ ಸುಖವಾಗಿತ್ತು. ಹೆಂಡತಿ ಒಮ್ಮೆ ಬಾಗಿಲಲ್ಲಿ ನಿಂತು, "ಅದಕ್ಕೂ ಒಂಚೂರು ಬಾಯಾರಲಿ ಬಿಡ್ರೀ" ಅಂದಳು. ಕೋಪ ಬಂತು. ಅವಳು ಒಳಗೆ ಹೋದ ಮೇಲೆ ಒಂದು ಸ್ಕ್ರೂಡ್ರೈವರ್ ತಂದು ನೆಲಕ್ಕೆ ಚುಚ್ಚಿದೆ. ಎರಡು ಬೆರಳಿನಷ್ಟು ಸಲೀಸಾಗಿ ಇಳಿಯಿತು. ಆಮೇಲೆ ಕಲ್ಲಿಗೆ ಚುಚ್ಚಿದ ಹಾಗೆ ನಿಂತಿತು. ಇಷ್ಟು ದಿನ ನೆಲದ ನೆತ್ತಿ ಮಾತ್ರ ನೆನೆಸುತ್ತಿದ್ದೆ. ನೀರು ಮೇಲೇ ಸಿಗುವಾಗ ಬೇರು ಯಾಕೆ ಕೆಳಗಿಳಿಯುತ್ತದೆ? ಎಲ್ಲ ಮೇಲೇ ಗುಂಪು ಕೂತಿದ್ದವು.

ಈಗ ಎರಡು ಖಾಲಿ ಡಬ್ಬಿ ಇಟ್ಟುಕೊಂಡಿದ್ದೇನೆ. ಸ್ಪ್ರಿಂಕ್ಲರ್ ಹಾಕಿ ಡಬ್ಬಿಯಲ್ಲಿ ಬಿದ್ದ ನೀರು ಅಳೆಯುತ್ತೇನೆ. ವಾರಕ್ಕೆ ಸುಮಾರು 25 ಮಿಲಿಮೀಟರ್, ಮಳೆಯೂ ಸೇರಿ, ಒಂದೆರಡು ಸಲಕ್ಕೆ ಚೆನ್ನಾಗಿ ನೆನೆಯುವ ಹಾಗೆ. ಬಿರುಬಿಸಿಲಿದ್ದರೆ, ಮರಳು ಮಣ್ಣಾದರೆ ಲೆಕ್ಕ ಬೇರೆ. ಹೊತ್ತೂ ಬದಲಾಯಿಸಿದೆ. ಸಂಜೆ ಹಾಕಿದರೆ ಎಲೆ ರಾತ್ರಿಯಿಡೀ ಒದ್ದೆ. ಬೂಸ್ಟಿಗೆ ನಾವೇ ಹಾಸಿಗೆ ಹಾಸಿಕೊಟ್ಟ ಹಾಗೆ. ಬೆಳಿಗ್ಗೆಯೇ ಸರಿ. ನನ್ನ ಧ್ಯಾನ ಹೋಯಿತು, ಅದೊಂದು ಬೇಜಾರು.

ಕಳೆ ವಿಷಯದಲ್ಲಿ ಕನ್ನಡ ನನ್ನನ್ನು ಚೆನ್ನಾಗಿಯೇ ಗೇಲಿ ಮಾಡಿತು. ಒಂದು ಭಾನುವಾರವೆಲ್ಲ ಕೂತು ಕಳೆ ಕಿತ್ತೆ. ಎದ್ದು ನೋಡಿದರೆ ಲಾನಿನ ಮುಖದಲ್ಲೇ ಕಳೆ ಇಲ್ಲ. ಅಲ್ಲಲ್ಲಿ ಬೋಳು ತೇಪೆ. ಆ ಜಾಗಕ್ಕೆ ಹುಲ್ಲು ಬರುವ ಮುಂಚೆ ಮತ್ತೆ ಕಳೆಯೇ ಬಂತು. ಜಾಗ ಖಾಲಿ ಇದ್ದರೆ ಬರುವುದು ಅದರ ಧರ್ಮ. ಹುಲ್ಲು ಒಂಚೂರು ಎತ್ತರ, ಒತ್ತೊತ್ತಾಗಿ ಇದ್ದರೆ ನೆರಳಿಗೆ ಎಷ್ಟೋ ಬೀಜ ಮೊಳೆಯುವುದೇ ಇಲ್ಲ. ಕೊನ್ನಾರಿ ಮಾತ್ರ ಬೇರೆ ಜಾತಿ. ಮೇಲೆ ಕಿತ್ತರೆ ಕೆಳಗೆ ಗೆಡ್ಡೆ ನಗುತ್ತಿರುತ್ತದೆ. ಅದರ ಜೊತೆ ನಾನು ರಾಜಿ ಮಾಡಿಕೊಂಡಿದ್ದೇನೆ.

ಕತ್ತರಿಸಿದ ಚೂರನ್ನು ಗುಡಿಸುವುದನ್ನೂ ಬಿಟ್ಟೆ. ಚೂರು ಸಣ್ಣದಿದ್ದರೆ ಬೇಗ ಕೊಳೆತು ಅದರ ಸಾರಜನಕ ಮಣ್ಣಿಗೇ ವಾಪಸ್. ಮನೆಯ ಗೊಬ್ಬರವನ್ನು ಚೀಲಕ್ಕೆ ತುಂಬಿ ಆಚೆ ಹಾಕಿ, ಅಂಗಡಿ ಗೊಬ್ಬರ ತರುತ್ತಿದ್ದೆನಲ್ಲ, ಅದಕ್ಕೆ ಏನನ್ನಬೇಕೋ.

ಪಕ್ಕದ ಮನೆಯವರ ಲಾನು ಮಾತ್ರ ಯಾವಾಗಲೂ ದಟ್ಟ. ಒಂದು ದಿನ ಗೇಟು ದಾಟಿ ಹೋಗಿ ಮೇಲಿನಿಂದ ಬಗ್ಗಿ ನೋಡಿದೆ. ಎಸಳುಗಳ ನಡುವೆ ಮಣ್ಣು ಕಾಣುತ್ತಿತ್ತು, ನಮ್ಮಲ್ಲಿರುವಷ್ಟೇ. ನಮ್ಮ ಕಡೆಯಿಂದ ಓರೆಯಾಗಿ ನೋಡುವಾಗ ಎಸಳುಗಳೇ ಮಣ್ಣನ್ನು ಮುಚ್ಚುತ್ತವೆ, ಅಷ್ಟೇ. ದೂರದ ಬೆಟ್ಟದ ಜೊತೆ ದೂರದ ಲಾನೂ ನುಣ್ಣಗೆ. ಅವರೂ ನಮ್ಮ ಕಡೆ ನೋಡಿ, "ನಿಮ್ಮದು ಎಷ್ಟು ಚೆನ್ನಾಗಿ ಬಂದಿದೆ ಸಾರ್" ಅಂದರು. ನಾನು ತಿದ್ದಲು ಹೋಗಲಿಲ್ಲ.

ಈಗ ನೀರು ಹಾಕಬೇಕೋ ಬೇಡವೋ ಅಂತ ತಿಳಿಯಲು ಒಂದು ಉಪಾಯ ಇದೆ. ಬರಿಗಾಲಲ್ಲಿ ಲಾನಿನ ಮೇಲೆ ಆ ತುದಿಯವರೆಗೆ ನಡೆದು ಹಿಂತಿರುಗಿ ನೋಡುವುದು. ಬಾಯಾರಿದ ಹುಲ್ಲು ತುಳಿದಲ್ಲೇ ಮಲಗಿರುತ್ತದೆ, ಬಣ್ಣವೂ ಸ್ವಲ್ಪ ನೀಲಿಗೆ ತಿರುಗಿರುತ್ತದೆ. ನೀರು ಕುಡಿದ ಹುಲ್ಲು ತಲೆ ಎತ್ತುತ್ತದೆ. ನಿನ್ನೆ ಹಾಗೆ ನಡೆದು, ತಿರುಗಿ, ನೆಲ ನೋಡುತ್ತಾ ನಿಂತಿದ್ದೆ.

"ಏನ್ರೀ, ಏನಾದ್ರೂ ಬೀಳಿಸಿಕೊಂಡ್ರಾ?" ಅಂತ ಒಳಗಿನಿಂದ ಕೇಳಿದಳು.

"ಇಲ್ಲ, ನನ್ನ ಹೆಜ್ಜೆ ಹುಡುಕ್ತಿದ್ದೆ" ಅಂದೆ. ಒಂದೂ ಸಿಗಲಿಲ್ಲ. ಪೈಪು ಸುತ್ತಿಟ್ಟು ಒಳಗೆ ಹೋದೆ.